ಮೂರು ಸ್ಕೋಪು, ಒಂದು ಕತ್ತೆ

ಗಾರ್ಲಂಡ್ ಟೀಗ್‌ನ ಹೆಸರು ಎತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವನು ಕೊಂದ ಕತ್ತೆ ನನ್ನದೇನಲ್ಲ, ರೋಸಲೀ ಪಾವ್ಲಿಚೆಕ್‌ಳದು. ಆದರೆ ಆ ಕತ್ತೆ ಸತ್ತ ಮೇಲೆ ರೋಸಲೀ ಏನಾದಳು ಅನ್ನುವುದನ್ನು ದಿನವೂ ಪಕ್ಕದಲ್ಲೇ ನಿಂತು ನೋಡಿದವಳು ನಾನು. ಅವಳು ಬಂದೂಕಿನ ಕೌಂಟರಿನಲ್ಲಿ, ನಾನು ದನದ ಮೇವಿನ ಕೌಂಟರಿನಲ್ಲಿ. ಟೆಕ್ಸಸ್‌ನಲ್ಲಿ ನಮ್ಮ ಕಡೆ ಇವೆರಡೂ ಒಂದೇ ಸೂರಿನಡಿ ಇರುತ್ತವೆ.

ರೋಸಲೀ ಹುಟ್ಟಿದ್ದೂ ಇಲ್ಲೇ, ಮದುವೆಯಾಗಿದ್ದೂ ಇಲ್ಲೇ, ಗಂಡ ಎಡ್ವಿನ್‌ನನ್ನು ಮಣ್ಣು ಮಾಡಿದ್ದೂ ಇಲ್ಲೇ. ಚರ್ಚಿನ ಊಟದಲ್ಲಿ ಅವಳು ಮಾಡಿದ ಏಪ್ರಿಕಾಟ್ ತುಂಬಿದ ಸಿಹಿ ಬನ್ನು, ಕೊಲಾಚಿ, ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತಿತ್ತು. ಅವಳ ಬಾಯಿಗೆ ಮಾತ್ರ ಊರೇ ಹೆದರುತ್ತಿತ್ತು. ಪ್ರವಚನ ಉದ್ದವಾಯಿತೆಂದು ಪಾದ್ರಿಯನ್ನೇ ಒಮ್ಮೆ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ತರಾಟೆಗೆ ತೆಗೆದುಕೊಂಡಿದ್ದಳು. ಎಡ್ವಿನ್ ಅವಳಿಗೆ ಬಿಟ್ಟುಹೋದದ್ದು ಒಂದು ಹಿಂಡು ಆಡು, ಅವುಗಳನ್ನು ಕಾಯಲು ಒಂದು ಕತ್ತೆ. ಕತ್ತೆ ಇರುವ ಹಿಂಡಿನ ಹತ್ತಿರ ಕಾಯೋಟಿ ತೋಳ ಸುಳಿಯುವುದಿಲ್ಲ, ಸುಳಿದರೆ ಒದೆ ತಿಂದು ಸಾಯುತ್ತದೆ. ಅದರ ನಡಿಗೆಯ ಗತ್ತು ನೋಡಿ ಎಡ್ವಿನ್ ಅದಕ್ಕೆ ಬಿಷಪ್ ಎಂದು ಹೆಸರಿಟ್ಟಿದ್ದ. ಮರಿಯಾಗಿದ್ದಾಗಲೇ ತಾಯಿ ಸತ್ತ ಆ ಕತ್ತೆಯನ್ನು ಅಡುಗೆಮನೆಯಲ್ಲಿ ಮಲಗಿಸಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು ಅವನೇ. ಎಡ್ವಿನ್ ಹೋದ ಮೇಲೆ ಸಂಜೆ ಹೊತ್ತು ರೋಸಲೀ ಮಾತಾಡುತ್ತಿದ್ದದ್ದು ಆ ಕತ್ತೆಯ ಜೊತೆಗೆ.

ಅವಳ ಬೇಲಿಯ ಆಚೆ ಗಾರ್ಲಂಡ್‌ನ ಜಮೀನು. ಹ್ಯೂಸ್ಟನ್‌ನಿಂದ ದುಡ್ಡಿರುವವರನ್ನು ಕರೆತಂದು ರಾತ್ರಿ ಕಾಡುಹಂದಿ ಬೇಟೆಯಾಡಿಸುವುದು ಅವನ ದಂಧೆ. ಹಂದಿಗಾಗಿ ನಮ್ಮಲ್ಲಿ ಯಾರೂ ಕಣ್ಣೀರು ಹಾಕುವುದಿಲ್ಲ. ಒಂದೇ ರಾತ್ರಿಯಲ್ಲಿ ಇಡೀ ಹೊಲವನ್ನು ಬಗೆದು ಹಾಳು ಮಾಡುವ ಪ್ರಾಣಿ ಅದು. ಆದರೆ ರಾತ್ರಿ ಬಂದೂಕು ಹಿಡಿದು ಹೊರಡುವ ಮೊದಲು ಅಕ್ಕಪಕ್ಕದವರಿಗೆ ಒಂದು ಮಾತು ತಿಳಿಸಬೇಕು, ಅವರು ತಮ್ಮ ಪ್ರಾಣಿಗಳನ್ನು ಕೊಟ್ಟಿಗೆಗೆ ಸೇರಿಸಿಕೊಳ್ಳುತ್ತಾರೆ. ಇದು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಮಾರ್ಚ್ ತಿಂಗಳ ಆ ರಾತ್ರಿ ಗಾರ್ಲಂಡ್ ಯಾರಿಗೂ ತಿಳಿಸಲಿಲ್ಲ. ಬೆಳಿಗ್ಗೆ ಬಿಷಪ್ ರೋಸಲೀಯ ಮನೆ ಕಡೆಯ ಬೇಲಿಯ ಬುಡದಲ್ಲಿ ಸತ್ತು ಬಿದ್ದಿತ್ತು.

ಶೆರಿಫ್ ಕಚೇರಿಯ ಹುಡುಗ ಬಂದು, ನೋಡಿದವರಿಲ್ಲ, ಗುಂಡು ಸಿಗಲಿಲ್ಲ ಎಂದು ಕೈ ಕೊಡವಿ ಹೋದ. ಅದೇ ಸಂಜೆ ಗಾರ್ಲಂಡ್ ಒಂದು ತಟ್ಟೆ ಹೊಗೆಯಲ್ಲಿ ಬೇಯಿಸಿದ ಮಾಂಸ ಹಿಡಿದುಕೊಂಡು, ಸಾವಿನ ಮನೆಗೆ ಬರುವವನ ಹಾಗೆ ಮುಖ ಮಾಡಿಕೊಂಡು ಬಂದ.

"ಪಾಪ, ಮಿಸ್ ರೋಸಲೀ. ಹೈವೇ ಕಡೆಯಿಂದ ಯಾರೋ ಪೋಲಿಗಳು ಹೊಡೆದಿರ್ಬೇಕು ನೋಡಿ."

ರೋಸಲೀ ತಟ್ಟೆ ತೆಗೆದುಕೊಂಡಳು. ಅವನ ಎದುರಿಗೇ ಬಗ್ಗಿ ಅದನ್ನು ನಾಯಿಯ ಮುಂದಿಟ್ಟಳು. ಅವನು ಟ್ರಕ್ ಹತ್ತಿ ಹೋದ ಮೇಲೆ, ಅವಳ ಜೊತೆಗಿರಲು ಬಂದಿದ್ದ ನನ್ನ ಕಡೆ ತಿರುಗಿದಳು.

"ದುಡ್ಡು ಬೇಡ ಕಣೇ ಅಲ್ಬೀನಾ. ಜೈಲೂ ಬೇಡ. 'ನಾನೇ ಹೊಡೆದೆ' ಅಂತ ನಾಲ್ಕು ಜನರ ಮುಂದೆ ಅವನ ಬಾಯಲ್ಲೇ ಬರ್ಬೇಕು. ಅಲ್ಲೀವರೆಗೆ ನಂಗೆ ಸಾವು ಬಂದ್ರೂ ಕಾಯ್ಸ್ತೀನಿ."

ಮುಂದಿನ ತಿಂಗಳೇ ನಮ್ಮ ಅಂಗಡಿಯ ಬಂದೂಕಿನ ಕೌಂಟರಿಗೆ ಸೇರಿದಳು. ಸಂಬಳಕ್ಕೆಂದು ಊರವರು ತಿಳಿದರು. ರಾತ್ರಿ ಬೇಟೆಯಾಡುವವನು ಒಂದಲ್ಲ ಒಂದು ದಿನ ಈ ಕೌಂಟರಿಗೆ ಬರಲೇಬೇಕು ಎಂಬುದು ಅವಳ ಲೆಕ್ಕ. ಬಂದೂಕಿನ ಮೇಲೆ ಕೂರಿಸಿ ಕತ್ತಲಲ್ಲಿ ಪ್ರಾಣಿಯ ಮೈಬಿಸಿ ನೋಡುವ ಥರ್ಮಲ್ ಸ್ಕೋಪುಗಳ ಬಗ್ಗೆ ಬಂದ ಕಾಗದವನ್ನೆಲ್ಲ ಓದಿದಳು, ಒಂದೊಂದನ್ನೂ ಮನೆಗೆ ಒಯ್ದು ಕತ್ತಲಲ್ಲಿ ತನ್ನ ಆಡುಗಳನ್ನೇ ನೋಡಿದಳು. ಕೆಲವೇ ತಿಂಗಳಲ್ಲಿ ಮೂರು ಜಿಲ್ಲೆಯ ಬೇಟೆಗಾರರು ಅವಳನ್ನು ಕೇಳದೆ ಸ್ಕೋಪು ಕೊಳ್ಳದಂತಾಯಿತು.

"ಇದು ಸಾವಿರದ ನೂರು ಡಾಲರ್," ಎಂದು ಮೊದಲನೆಯದನ್ನು ಕೌಂಟರಿನ ಗಾಜಿನ ಮೇಲಿಡುತ್ತಿದ್ದಳು. "ಅಲ್ಲೇನೋ ಬಿಸಿ ಇದೆ ಅನ್ನತ್ತೆ. ಏನದು ಅಂತ ಕೇಳಿದ್ರೆ ಬಾಯಿ ಬಿಡಲ್ಲ. ಇದು ಎರಡು ಸಾವಿರದ ನಾನೂರು, ಹತ್ತಿರಕ್ಕೆ ಪರವಾಗಿಲ್ಲ. ದೂರದ್ದನ್ನ ದೊಡ್ಡದು ಮಾಡಕ್ಕೆ ಹೋದ್ರೆ ಚೌಕ ಚೌಕ ಒಡೆದು ಕಲಸಿ ಹೋಗತ್ತೆ. ಇದು ಐದು ಸಾವಿರದ ಇನ್ನೂರು. ಕಣ್ಣು ದೊಡ್ಡದು, ದೂರಾನೂ ಅದೇ ಅಳೆದು ಹೇಳತ್ತೆ. ಹಂದಿ ಯಾವ್ದು, ಕರು ಯಾವ್ದು ಅಂತ ಗೊತ್ತಾಗತ್ತೆ."

"ಅಷ್ಟು ದುಡ್ಡಿಗೆ ಹಂದಿ ತಾನೇ ಬಂದು ಟ್ರಕ್ ಹತ್ಬೇಕು," ಎಂದು ಯಾರಾದರೂ ಗೊಣಗಿದರೆ, "ಕಮ್ಮಿದು ತಗೊಂಡೋಗು, ಪಕ್ಕದ ಮನೆಯವರ ಕರು ಹೊಡಿ, ಆಮೇಲೆ ಲೆಕ್ಕ ಹಾಕು," ಅನ್ನುತ್ತಿದ್ದಳು.

ಅಂಗಡಿಯ ಹಿಂದೆ ಹುಲ್ಲುಗಾವಲಿದೆ. ಮಾಲೀಕನನ್ನು ಕೇಳಿ, ತಾನು ಕೊಂಡ ಹೊಸ ಹೆಣ್ಣು ಕತ್ತೆ ಟ್ರೂಡಿಯನ್ನು ಅಲ್ಲಿ ಬಿಟ್ಟಿದ್ದಳು. ದಿನವೂ ಹೊತ್ತು ಮುಳುಗುವ ಮುಂಚೆ ದೂರದ ಮೂಲೆಯಲ್ಲಿ, ಎತ್ತರದ ಹುಲ್ಲಿನ ಹಿಂದೆ, ಅದಕ್ಕೆ ಮೇವು ಸುರಿದು ಬರುತ್ತಿದ್ದಳು. ಯಾಕೆ ಅಷ್ಟು ದೂರ ಎಂದು ಕೇಳಿದ್ದಕ್ಕೆ, "ಗಿರಾಕಿ ಬರ್ಲಿ, ನೋಡ್ತೀಯ," ಅಂದಿದ್ದಳು. ಆಗ ನನಗೂ ಅರ್ಥವಾಯಿತು.

ನವೆಂಬರಿನ ಒಂದು ಸಂಜೆ ಗಾರ್ಲಂಡ್ ಬಂದೇಬಿಟ್ಟ. ಜೊತೆಗೆ ಹ್ಯೂಸ್ಟನ್‌ನ ಛಾವಣಿ ಗುತ್ತಿಗೆದಾರ ಓಸ್ವಾಲ್ಡೊ. ಬರುವ ಚಳಿಗಾಲವಿಡೀ ತನ್ನ ಕೆಲಸಗಾರರನ್ನೆಲ್ಲ ಗಾರ್ಲಂಡ್‌ನ ಬೇಟೆಗೆ ಕಳಿಸುವ ಮಾತಾಡಿಕೊಂಡಿದ್ದ ಮನುಷ್ಯ. ಅವನ ಮುಂದೆ ಗಾರ್ಲಂಡ್‌ನ ಜಂಬ ಹೇಳತೀರದು. ಕಾಫಿ ಯಂತ್ರದ ಸುತ್ತ ಎಂದಿನಂತೆ ನಮ್ಮೂರ ಮುದುಕರು ಕೂತಿದ್ದರು.

"ನಮ್ಮ ಸಾಹೇಬ್ರಿಗೆ ಒಳ್ಳೇದೊಂದು ತೋರ್ಸಿ, ಮಿಸ್ ರೋಸಲೀ. ನಂದೂ ಹಳೇದಾಯ್ತು, ಬದಲಾಯಿಸ್ಬೇಕು."

"ಬನ್ನಿ, ನೋಡೇ ತಗೊಳ್ಳಿ," ಎಂದು ರೋಸಲೀ ಹಿಂಬಾಗಿಲು ತೆರೆದಳು. ಹೊರಗಿನ ಕಟ್ಟೆಯ ಮೇಲೆ ಮೂರು ಮುಕ್ಕಾಲಿ, ಅವುಗಳ ಮೇಲೆ ಮೂರು ಸ್ಕೋಪು, ಮೂರೂ ಹುಲ್ಲುಗಾವಲಿನ ದೂರದ ಮೂಲೆಯ ಕಡೆಗೆ. ಆಗಲೇ ಕತ್ತಲಾಗಿತ್ತು. ಮುದುಕರು ಲೋಟ ಹಿಡಿದುಕೊಂಡೇ ಹಿಂದೆ ಬಂದರು. ರೋಸಲೀಯ ಮುಖದಲ್ಲಿ ಏನೂ ಇರಲಿಲ್ಲ.

"ನೀನು ಬಲ್ಲವನು, ಗಾರ್ಲಂಡ್. ಸಾಹೇಬ್ರಿಗೆ ನೋಡಿ ಹೇಳು."

ಗಾರ್ಲಂಡ್ ಅಗ್ಗದ ಸ್ಕೋಪಿಗೆ ಕಣ್ಣಿಟ್ಟ. "ಹಂದಿ. ಒಳ್ಳೇ ಗಂಡು. ನೆಲ ಬಗೀತಾ ಇದೆ ನೋಡಿ. ಕಿವಿ ಹಿಂದೆ ಒಂದು ಬಿಟ್ರೆ ಕಥೆ ಮುಗೀತು."

ಎರಡನೆಯದಕ್ಕೆ ಕಣ್ಣಿಟ್ಟು ಗುಂಡಿ ತಿರುಗಿಸಿದ. "ಹಂದಿನೇ. ಕಾಲು ಒಂಚೂರು ಉದ್ದ."

ಮೂರನೆಯದಕ್ಕೆ ಅವನು ಹೋಗಲಿಲ್ಲ. ಓಸ್ವಾಲ್ಡೊ ಹೋಗಿ ಬಗ್ಗಿದ.

"ಇದು ಕತ್ತೆ ಅಲ್ವಾ? ಕಿವಿ ನೋಡ್ರೀ, ಮಾರುದ್ದ ಇದೆ."

ಮುದುಕರಲ್ಲಿ ಒಬ್ಬನಿಗೆ ಕಾಫಿ ನೆತ್ತಿಗೇರಿತು. ಎಲ್ಲರೂ ನಕ್ಕರು, ನಾನೂ ಹೊಟ್ಟೆ ತುಂಬ ನಕ್ಕೆ. ರೋಸಲೀ ನಗಲಿಲ್ಲ.

"ನಿನ್ನ ಬಂದೂಕಿನ ಮೇಲಿರೋದು ಇದ್ರಲ್ಲಿ ಯಾವ್ದು, ಗಾರ್ಲಂಡ್?"

"ಮೊದಲನೇದು."

"ಹಂಗಾದ್ರೆ ನನ್ನ ಬಿಷಪ್ ಕೂಡ ನಿಂಗೆ ಹಂದಿ ಥರಾನೇ ಕಂಡಿರತ್ತೆ."

ನಗು ನಿಂತಿತು. ಗಾರ್ಲಂಡ್ ಓಸ್ವಾಲ್ಡೊನ ಮುಖ ನೋಡಿದ. ಮಾನ ಉಳಿಸಿಕೊಳ್ಳುವ ಅವಸರದಲ್ಲಿ ಬಾಯಿ ಬಿಟ್ಟ. "ಯಾರು ನೋಡಿದ್ರೂ ಹಂಗೇ ಕಾಣ್ತಿತ್ತು, ಮಿಸ್ ರೋಸಲೀ. ನಿಮ್ಮ ನೀರಿನ ತೊಟ್ಟಿ ಪಕ್ಕ ತಲೆ ತಗ್ಗಿಸ್ಕೊಂಡು ನಿಂತಿತ್ತು, ಕಿವೀನೇ ಕಾಣ್ತಿರ್ಲಿಲ್ಲ..."

ಅಲ್ಲಿಗೆ ನಿಲ್ಲಿಸಿದ. ಏನು ಹೇಳಿಬಿಟ್ಟೆ ಎಂದು ಅವನಿಗೂ ಹೊಳೆದಿತ್ತು.

"ತೊಟ್ಟಿ ಪಕ್ಕ, ಹೌದು," ಅಂದಳು ರೋಸಲೀ. "ಜನ ನೋಡಿದ್ದು ಬೇಲಿ ಹತ್ರ ಬಿದ್ದಿದ್ದ ಹೆಣಾನ. ತೊಟ್ಟಿಯಿಂದ ಅಲ್ಲೀವರೆಗೆ ಮನೆ ಕಡೆ ಓಡಿ ಬಂದಿತ್ತು ಅದು. ರಕ್ತದ ಜಾಡು ಹಿಡ್ಕೊಂಡು ಹೋಗಿ ನೋಡಿದ್ದು ನಾನೊಬ್ಬಳೇ. ಯಾರಿಗೂ ಹೇಳಿರ್ಲಿಲ್ಲ. ಈಗ ನೆಟ್ಟಗೆ ಹೇಳು."

"ಗೊತ್ತಾಗ್ಲಿಲ್ಲ ನಂಗೆ. ನಾನೇ ಹೊಡೆದೆ."

"ಹಿಂದಿದ್ದೋರಿಗೆ ಕೇಳಿಸ್ಲಿಲ್ಲ."

ಗಾರ್ಲಂಡ್ ಮುದುಕರ ಕಡೆ ತಿರುಗಿ, ಅದನ್ನೇ ಜೋರಾಗಿ ಹೇಳಿದ. ಎಷ್ಟು ತಣ್ಣಗಾಯಿತು ನನ್ನ ಹೊಟ್ಟೆ. ಓಸ್ವಾಲ್ಡೊ ತಲೆಯ ಮೇಲೆ ಟೋಪಿ ಇಟ್ಟುಕೊಂಡ.

"ನಮ್ಮ ಹುಡುಗ್ರು ಬರಲ್ಲ ಬಿಡಿ. ಕತ್ತೇನೇ ಹಂದಿ ಅಂದೋರು, ನಮ್ಮನ್ನ ಏನು ಅಂದ್ಕೋತೀರೋ," ಎಂದು ಹೇಳಿ ಹೊರಟೇಹೋದ.

ಗಾರ್ಲಂಡ್ ಕತ್ತೆಯ ಬೆಲೆ ಕೊಡುತ್ತೇನೆ ಅಂದ. ಬೇಡ ಅಂದಳು. ಬೇರೆ ಗಿರಾಕಿಗಳನ್ನಾದರೂ ಉಳಿಸಿಕೊಳ್ಳಬೇಕಲ್ಲ, ಕೊನೆಗೆ ದೊಡ್ಡ ಸ್ಕೋಪಿನ ಬೆಲೆ ಕೇಳಿದ.

"ಐದು ಸಾವಿರದ ಇನ್ನೂರು. ತೆರಿಗೆ ಬೇರೆ. ನಿಂಗೆ ಒಂದು ಸೆಂಟ್ ಬಿಡಲ್ಲ."

ಅವಳು ಒಳಗೆ ಬಂದು ಡಬ್ಬಿ ಕಟ್ಟಿ, ಬಿಲ್ ಬರೆದು ಗಾಜಿನ ಮೇಲಿಟ್ಟಳು. ಗಾರ್ಲಂಡ್ ಕಾರ್ಡು ಕೊಟ್ಟ. ಆಮೇಲೆ ಟೋಪಿ ತೆಗೆದು ಬಲಗೈ ಮುಂದೆ ಚಾಚಿದ.

"ಇಲ್ಲಿಗೆ ಮರೆತುಬಿಡೋಣ, ಮಿಸ್ ರೋಸಲೀ."

ರೋಸಲೀ ಆ ಕೈಯನ್ನು ನೋಡಿದಳು. ಅದರಲ್ಲಿ ಪೆನ್ನು ಇಟ್ಟಳು.

"ಸಹಿ ಹಾಕು. ಅಂಗಡಿ ಮುಚ್ಚೋ ಹೊತ್ತಾಯ್ತು."