ಅಂಜಿರತಳ ಒಸಡು

ರೇಷ್ಮೆಯ ಊರು ಮಾರ್ಗಿಲಾನಿನ ಆ ಓಣಿಯಲ್ಲಿ ಬೆಳಗಾಗುವುದು ಮಗ್ಗದ ಸದ್ದಿನಿಂದ. ಲಾಳಿ ಟಕ್ಕು ಟಕ್ಕೆಂದು ಓಡತೊಡಗಿದರೆ ಎದ್ದವರಿಗೂ ಮಲಗಿದವರಿಗೂ ಒಂದೇ ತಾಳ. ರೇಷ್ಮೆ ನೇಯುವ ಅಂಜಿರತಳ ಮಗ್ಗ ಮಾತ್ರ ಆಗಾಗ ಸುಮ್ಮನಾಗಿ, ಅಲ್ಲಿಂದ ನಗು ಕೇಳುತ್ತಿತ್ತು. ನಕ್ಕರೆ ಅವಳ ಮೇಲ್ದುಟಿ ಪೂರ್ತಿ ಸರಿದು, ಅಕ್ಕಿಕಾಳಿನಂಥ ಗಿಡ್ಡ ಹಲ್ಲುಗಳ ಮೇಲೆ ಒಸಡು ದಾಳಿಂಬೆಯ ಹಾಗೆ ಹೊಳೆಯುತ್ತಿತ್ತು.

ಅದು ಕೊರತೆಯೆಂದು ಯಾರಿಗೂ ಅನ್ನಿಸಿರಲಿಲ್ಲ, ರಿಸಾಲತ್ ಬರುವ ತನಕ.

ರಿಸಾಲತ್ ಕುರಿಸಂತೆಯ ವ್ಯಾಪಾರಗಿತ್ತಿ. ಅವಳ ಮಗ ಫರ್ಮಾನ್ ವ್ಯಾನು ಓಡಿಸುತ್ತಿದ್ದ, ನೇಯ್ದ ರೇಷ್ಮೆಯನ್ನು ಅಂಗಡಿಗಳಿಗೆ ಒಯ್ಯುತ್ತಿದ್ದ. ಅವನೇ ತಾಯಿಯನ್ನು ಹೆಣ್ಣು ಕೇಳಲು ಕಳಿಸಿದ್ದು. ಅಂಜಿರತಳಿಗೂ ಅವನನ್ನು ಬಿಟ್ಟು ಬೇರೆ ಯಾರೂ ಬೇಡವಾಗಿತ್ತು. ಚಹಾ ಕುಡಿಯುವಾಗ ಯಾರೋ ಏನೋ ಅಂದರು, ಅಂಜಿರತ್ ನಕ್ಕಳು. ರಿಸಾಲತ್ ಬಟ್ಟಲು ಕೆಳಗಿಟ್ಟು ಹುಡುಗಿಯ ತಾಯಿ ಖಾಸಿಯತಳ ಕಡೆ ತಿರುಗಿದಳು.

"ಹುಡುಗಿ ಲಕ್ಷಣವಾಗೇ ಇದಾಳೆ ಖಾಸಿಯತ್. ನಕ್ಕರೆ ಮಾತ್ರ ಕಸಾಯಿ ಅಂಗಡಿ ಬಾಗಿಲು ತೆಗೆದ ಹಾಗಾಗತ್ತೆ. ನಾಳೆ ಮುಸುಕು ತೆಗೆದಾಗ ನಮ್ಮ ನೆಂಟರೆಲ್ಲ ತೂಕ ಎಷ್ಟು ಅಂತ ಕೇಳಲ್ವಾ?"

ಜೊತೆಗೆ ಬಂದ ಹೆಂಗಸರು ತಲೆವಸ್ತ್ರದ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಗಂಡಿನ ಕಡೆಯವರು ತಂದ ರೊಟ್ಟಿಯನ್ನು ಮುರಿದರೆ ಸಂಬಂಧ ಗಟ್ಟಿ. ರಿಸಾಲತ್ ರೊಟ್ಟಿಯ ಗಂಟು ಬಿಚ್ಚಲೇ ಇಲ್ಲ. ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಇನ್ನೊಮ್ಮೆ ಬರುತ್ತೇನೆಂದು ಎದ್ದಳು.

ಖಾಸಿಯತ್ ಮಗಳನ್ನು ಹಲ್ಲಿನ ಡಾಕ್ಟರ ಬಳಿಗೆ ಕರೆದೊಯ್ದಳು.

"ಹಲ್ಲು ಗಿಡ್ಡ ಅಲ್ಲಮ್ಮ" ಎಂದರು ಡಾಕ್ಟರು ಕನ್ನಡಿ ಹಿಡಿದು. "ಒಸಡು ಕಂಬಳಿ ಹೊದ್ದ ಹಾಗೆ ಅರ್ಧ ಮುಚ್ಕೊಂಡಿದೆ. ಅದನ್ನ ಕತ್ತರಿಸಿ, ಒಳಗಿನ ಎಲುಬನ್ನೂ ಚೂರು ತೇಯಬೇಕು. ಇಲ್ಲದಿದ್ರೆ ಒಸಡು ಮತ್ತೆ ಇಳಿಯತ್ತೆ. ಕಾಯಿಲೆ ಏನೂ ಇಲ್ಲ. ಬೇಕೇಬೇಕು ಅಂದ್ರೆ ಮಾಡೋಣ. ಏನಮ್ಮ, ಬೇಕಾ?"

ಅಂಜಿರತಳ ಬಾಯೊಳಗೆ ಅವರ ಬೆರಳಿತ್ತು.

"ಬೇಕು" ಎಂದಳು ಖಾಸಿಯತ್.

ಕತ್ತರಿಸುವಾಗ ನೋವಾಗಲಿಲ್ಲ. ಎಲುಬು ತೇಯುವ ಸದ್ದು ಮಾತ್ರ ತಲೆಯೊಳಗೇ ಕೇಳಿತು. ಬೇಸಗೆಯುದ್ದಕ್ಕೂ ಅವಳು ಆರಿದ ಸಾರು ಕುಡಿದಳು, ತುಟಿ ಎಳೆಯದಂತೆ ಮಾತಾಡಿದಳು. ಆಪರೇಷನ್ ಎಂಬ ಮಾತನ್ನು ತಾಯಿ ಮನೆಯಿಂದ ಹೊರಗೆ ಬಿಡಲಿಲ್ಲ. ಮದುವೆಗೆ ಮುಂಚೆ ಕತ್ತರಿ ತಾಗಿದ ಹುಡುಗಿಯನ್ನು ಯಾರು ಒಯ್ಯುತ್ತಾರೆ? ಓಣಿಯವರಿಗೆಲ್ಲ ಹಲ್ಲುನೋವು ಎಂದಳು.

"ಏನೇ ಅಂಜಿರತ್, ನಗು ಅಡ ಇಟ್ಟಿದ್ದೀಯಾ?" ಎಂದು ಪಕ್ಕದ ಮಗ್ಗದವಳು ಕೆಣಕಿದರೆ, ಅವಳು ನೂಲು ಗಂಟು ಹಾಕುತ್ತ ತಲೆ ತಗ್ಗಿಸುತ್ತಿದ್ದಳು.

ದ್ರಾಕ್ಷಿ ಕೊಯ್ಲು ಮುಗಿಯಿತು. ರಿಸಾಲತ್ ಬಂದಳು, ಈ ಸಲ ಮಗನನ್ನು ಹೊರಗೆ ವ್ಯಾನಿನ ಬಳಿ ಬಿಟ್ಟು ಒಬ್ಬಳೇ, ಹೊಸ ರೊಟ್ಟಿಯ ಗಂಟಿನೊಂದಿಗೆ. ಅಂಜಿರತ್ ಚಹಾ ತಂದಿಟ್ಟಳು. ತಾಯಿ ಕಣ್ಣಲ್ಲೇ ನಗು ಎಂದಳು. ಅವಳು ನಕ್ಕಳು. ಒಸಡು ಎಲ್ಲೋ ಒಂದು ಗೆರೆಯಷ್ಟು. ಹಲ್ಲುಗಳು ಉದ್ದಕ್ಕೆ, ಬೆಳ್ಳಗೆ, ಒಂದೇ ಸಮನಾಗಿದ್ದವು.

ರಿಸಾಲತ್ ಎದ್ದು ಬಂದು, ಎಡಗೈಯಲ್ಲಿ ಗಲ್ಲ ಹಿಡಿದು, ಬಲಗೈ ಹೆಬ್ಬೆರಳಿನಿಂದ ಅವಳ ತುಟಿ ಎತ್ತಿದಳು. ಸಂತೆಯಲ್ಲಿ ಕುರಿಯ ವಯಸ್ಸು ನೋಡುವುದು ಹೀಗೆಯೇ. ಒಸಡು ತುಂಬಿಕೊಂಡಿದ್ದರೆ ಎಳೆಯದು. ಒಸಡು ಮೇಲೆ ಸರಿದು ಹಲ್ಲು ಉದ್ದವಾಗಿದ್ದರೆ ಮುದಿ.

"ಹೋದ ಸಲ ಮರಿ ತೋರಿಸಿದ್ರಿ, ಈಗ ಮುದಿಕುರಿ ಕಟ್ತಿದೀರಾ? ಇವಳು ಅವಳ ಅಕ್ಕ ಅಲ್ವಾ ಖಾಸಿಯತ್?"

"ಅಯ್ಯೋ ಆಪಾ, ನಂಗಿರೋದು ಒಬ್ಳೇ ಮಗಳು!"

"ಮುಖ ಒಂದೇ ಥರ ಇದ್ದರಾಯ್ತಾ? ಎಷ್ಟು ಬಾಯಿ ನೋಡಿಲ್ಲ ನಾನು! ಇವಳದ್ದು ನಾಲ್ಕು ಹೆತ್ತ ಬಾಯಿ."

ಖಾಸಿಯತ್ ರೊಟ್ಟಿಯ ಗಂಟನ್ನು ನೋಡಿದಳು. ನಿಜ ಹೇಳಿದರೆ ಆಪರೇಷನ್ ಹೊರಬೀಳುತ್ತಿತ್ತು. ಆ ಹೆಬ್ಬೆರಳಿನ ಅಡಿಯಿಂದಲೇ ಅಂಜಿರತ್ ಮಾತಾಡಿದಳು.

"ನಾನೇ ಅದು, ರಿಸಾಲತ್ ಖೋಲಾ. ನೀವು ಅಂದಿದ್ದಕ್ಕೇ ಒಸಡು ಕತ್ತರಿಸಿಕೊಂಡೆ."

ರಿಸಾಲತ್ ಕೈ ಹಿಂದಕ್ಕೆಳೆದು ಹೆಬ್ಬೆರಳನ್ನು ಲಂಗಕ್ಕೆ ಒರೆಸಿದಳು.

"ಕೊಳೀದೇ ಇದ್ರೆ ಯಾರಾದ್ರೂ ಕತ್ತರಿಸ್ತಾರಾ? ಮುದುಕಿ ಆಗಿದ್ರೇ ವಾಸಿಯಿತ್ತು."

ರೊಟ್ಟಿಯ ಗಂಟನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಅಂಜಿರತ್ ಅವಳ ಹಿಂದೆಯೇ ಬಾಗಿಲಿಗೆ ಬಂದಳು. ಫರ್ಮಾನ್ ವ್ಯಾನಿಗೆ ಒರಗಿ ನಿಂತಿದ್ದ. ತಾಯಿ ಹತ್ತಿ ಕೂತು, ಇದ್ದದ್ದನ್ನೆಲ್ಲ ಕಿಟಕಿಯಿಂದ ಹೇಳಿದಳು. ಅವನು ಬಹಳ ಹೊತ್ತು ಅಂಜಿರತಳ ಬಾಯನ್ನೇ ನೋಡಿದ.

"ಒಂದ್ಸಲ ನಗು."

ಅವಳು ನಕ್ಕಳು.

"ಚೆನ್ನಾಗೇ ಇದೆ" ಎಂದ, ಬೇರೆಯವರ ಮನೆಯ ಪರದೆ ಹೊಗಳಿದ ಹಾಗೆ. ಆಮೇಲೆ ದನಿ ತಗ್ಗಿಸಿದ. "ಒಸಡು ಮತ್ತೆ ಬೆಳೆಯತ್ತಲ್ವಾ? ಬೆಳೀಲಿ ಬಿಡು. ಬೆಳೆದ ಮೇಲೆ ಅಮ್ಮನ ಹತ್ರ ನಾನೇ ಮಾತಾಡ್ತೀನಿ."

"ಎಲುಬನ್ನೂ ತೇಯ್ದಿದಾರೆ ಫರ್ಮಾನ್, ಒಸಡು ಬೆಳೆಯಲ್ಲ. ಇನ್ನು ಬೆಳೆಯಬೇಕಾದ್ದು ನಿಮ್ಮ ಬೆನ್ನೆಲುಬು" ಎನ್ನುತ್ತ ಅಂಜಿರತ್ ಅವನಿಗೆ ಬೆನ್ನು ಹಾಕಿ ಮಗ್ಗದ ಕಡೆಗೆ ನಡೆದಳು.