ಹುಲ್ಲು ಎಣಿಸುವ ಚೌರಪ್ಪ

ಡಿಸೆಂಬರ್ ಇಪ್ಪತ್ನಾಲ್ಕು, ಬೆಳಗಿನ ಜಾವ ನಾಲ್ಕು ಐವತ್ತು. ಸುದ್ದಗುಂಟೆಪಾಳ್ಯದ ಒಳರಸ್ತೆಯ ಪುಟ್ಟ ಚರ್ಚಿನ ಬಾಗಿಲ ಮುಂದೆ ನಿಂತ ಚೌರಪ್ಪ, ಬೀಗ ತೆಗೆಯುವ ಮೊದಲು ಅದನ್ನು ಜೋರಾಗಿ ಎಳೆದು ನೋಡುತ್ತಾರೆ. ನಿನ್ನೆ ರಾತ್ರಿ ಅವರೇ ಹಾಕಿದ ಬೀಗ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ಈ ಮನುಷ್ಯನಷ್ಟು ನಿಷ್ಠೆಯಿಂದ ಪಾಲಿಸಿದವರು ದಕ್ಷಿಣ ಬೆಂಗಳೂರಿನಲ್ಲಿ ಇನ್ನೊಬ್ಬರಿರಲಾರರು.

ಒಳಗೆ ಹೋದವರು ದೀಪ ಹಾಕುವುದಿಲ್ಲ. ಮೊದಲು ಟಾರ್ಚ್ ಬಿಡುತ್ತಾರೆ. ಬೆಂಚುಗಳ ಕೆಳಗೆ, ಪೀಠದ ಹಿಂದೆ, ಪಾಪನಿವೇದನೆಯ ಗೂಡಿನೊಳಗೆ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಎಡಗಡೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯ ಮುಂದೆ, ನೋಯುವ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂರುತ್ತಾರೆ. ಮರಿಯಮ್ಮ, ಜೋಸೆಫರು, ಒಂದು ಕಿವಿ ಮುರಿದ ಹಸು, ಕುರಿಗಳು ಎಲ್ಲ ಬಂದು ನಿಂತಿದ್ದಾರೆ. ಮಧ್ಯದ ಮರದ ತೊಟ್ಟಿಲಲ್ಲಿ ಮಗು ಇನ್ನೂ ಇಲ್ಲ, ಬರೀ ಹುಲ್ಲು. ಚೌರಪ್ಪ ಆ ಹುಲ್ಲನ್ನು ಕಡ್ಡಿ ಕಡ್ಡಿಯಾಗಿ ಎಣಿಸತೊಡಗುತ್ತಾರೆ. ಎಣಿಕೆಯ ನಡುವೆ ಎರಡು ಮೂರು ಸಲ ತಲೆಯೆತ್ತಿ ತೆರೆದ ಬಾಗಿಲಿನಾಚೆ ಗೇಟಿನ ಕಡೆ ನೋಡುತ್ತಾರೆ. ಅಲ್ಲಿ ಹೂ ಮಾರುವ ನಾಗಲಕ್ಷ್ಮಮ್ಮನ ಮರದ ಮಣೆ ಐದು ದಿನದಿಂದ ಬೋರಲು ಬಿದ್ದಿದೆ.

ಪತ್ರಿಕೆಯಿಂದ ಬಂದವರನ್ನೂ ಅವರು ಸುಮ್ಮನೆ ಒಳಗೆ ಬಿಟ್ಟಿಲ್ಲ. ಗುರುತಿನ ಚೀಟಿ ಕೇಳಿ, ಅದರಲ್ಲಿನ ಫೋಟೋವನ್ನೂ ಎದುರಿನ ಮುಖವನ್ನೂ ಟಾರ್ಚ್ ಬೆಳಕಿನಲ್ಲಿ ತಾಳೆ ನೋಡಿದ್ದಾರೆ. “ಬೇಜಾರ್ ಮಾಡ್ಕೋಬೇಡಿ ಸಾರ್. ನಾನು ಫಾದರ್‌ನೂ ಎರಡು ಸಲ ನೋಡಿನೇ ಬಾಗಿಲು ತೆಗೆಯೋದು.”

ಅರವತ್ತೊಂದು ವರ್ಷದ ಚೌರಪ್ಪ ಈ ಚರ್ಚಿನ ಕೆಲಸದಾಳು. ಬಾಗಿಲು ತೆಗೆಯುವವರು, ಗಂಟೆ ಹೊಡೆಯುವವರು, ಬಲಿಪೂಜೆಗೆ ಅಣಿ ಮಾಡುವವರು ಎಲ್ಲ ಇವರೇ. ಕನಕಪುರದ ಕಡೆಯ ಹಳ್ಳಿಯಿಂದ ಗಾರೆ ಕೆಲಸಕ್ಕೆಂದು ಬಂದು, ಇದೇ ಚರ್ಚಿನ ಗೋಡೆ ಏಳುವಾಗ ಸಾರುವೆಯಿಂದ ಬಿದ್ದು ಮೊಣಕಾಲು ಮುರಿದುಕೊಂಡರು. ಗಾರೆ ಕೆಲಸ ಅಲ್ಲಿಗೆ ಮುಗಿಯಿತು. ಅಂದಿನ ಗುರುಗಳು ಕರೆದು ಬೀಗದ ಕೈ ಗೊಂಚಲು ಕೊಟ್ಟರು. ಇಪ್ಪತ್ತೇಳು ವರ್ಷವಾಯಿತು. ಆಗ ನಾಲ್ಕಿದ್ದ ಕೀಲಿಗಳು ಈಗ ಹದಿನಾಲ್ಕಾಗಿವೆ. ಹತ್ತು ಇವರೇ ಕೇಳಿ ಹಾಕಿಸಿದ ಬೀಗಗಳು.

ದಿನಕ್ಕೆ ಮೂರು ಹೊತ್ತು ಗಂಟೆ, ಒಂದೊಂದು ಹೊತ್ತಿಗೆ ಮೂವತ್ತಮೂರು ಎಳೆತ. ಒರೆಸಬೇಕಾದ ಬೆಂಚು ನಲವತ್ತೆಂಟು. ಮೇಣದ ಬತ್ತಿಗಳ ತುಂಡುಗಳನ್ನೂ ಬಿಡದೆ ಎಣಿಸಿ ಡಬ್ಬಿಗೆ ಹಾಕುತ್ತಾರೆ. ಆಗಮನ ಕಾಲ ಬಂತೆಂದರೆ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ, ಕೆಲಸ ಇಮ್ಮಡಿಸುತ್ತದೆ. ಪೀಠಕ್ಕೆ ನೇರಳೆ ಬಟ್ಟೆ ಹೊದಿಸಬೇಕು, ಹಸಿರು ಮಾಲೆಯಲ್ಲಿ ನಾಲ್ಕು ಬತ್ತಿ ನಿಲ್ಲಿಸಿ ವಾರಕ್ಕೊಂದರಂತೆ ಹಚ್ಚಬೇಕು. ಆ ಮೊದಲ ಭಾನುವಾರ ಗುರುಗಳು ಎಚ್ಚರವಾಗಿರಿ, ಕಳ್ಳ ಬರುವ ಗಳಿಗೆ ಮನೆ ಯಜಮಾನನಿಗೆ ತಿಳಿದಿರುವುದಿಲ್ಲ, ಪ್ರಭುವೂ ಹಾಗೆಯೇ ಬರುತ್ತಾನೆ ಎಂದು ಬೋಧಿಸುತ್ತಾರೆ. ಮಿಕ್ಕವರು ಆಮೆನ್ ಎಂದು ಮನೆಗೆ ಹೋಗಿ ಬಿರಿಯಾನಿ ಉಂಡು ಮಲಗುತ್ತಾರೆ. ಚೌರಪ್ಪ ಮಾತ್ರ ಅಂದೇ ಸಂಜೆ ಹೊಸ ಚಿಲಕ ಹಾಕಿಸುತ್ತಾರೆ.

ಅನುಮಾನ ಇವರಿಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಪೀಠದ ಹಿತ್ತಾಳೆ ದೀಪಸ್ತಂಭ ಕಾಣೆಯಾಯಿತು. ಕೀಲಿ ಯಾರ ಕೈಲಿತ್ತೋ ಅವರ ಮೇಲೇ ಎಲ್ಲರ ಕಣ್ಣು ಬಿತ್ತು. ಯಾರೂ ಬಾಯಿಬಿಟ್ಟು ಕಳ್ಳ ಎನ್ನಲಿಲ್ಲ, ಆದರೆ ಇವರು ಬಂದರೆ ಮಾತು ನಿಲ್ಲಿಸುತ್ತಿದ್ದರು. ನಾಲ್ಕು ತಿಂಗಳು ಹಾಗೇ ಕಳೆದ ಮೇಲೆ ದೀಪಸ್ತಂಭ ಪಾಲಿಶ್ ಅಂಗಡಿಯೊಂದರಲ್ಲಿ ಸಿಕ್ಕಿತು. ಗುರುಗಳೇ ಕೊಟ್ಟು ಮರೆತುಬಿಟ್ಟಿದ್ದರು. ಎಲ್ಲರೂ ನಕ್ಕರು, ಚೌರಪ್ಪನಿಗೆ ನಗು ಬರಲಿಲ್ಲ. ಅಂದಿನಿಂದ ಎಣಿಸುವುದು ಶುರುವಾಯಿತು. ಯಾರು ಯಾವಾಗ ಕೇಳಿದರೂ ಲೆಕ್ಕ ನಾಲಿಗೆಯ ಮೇಲಿರಬೇಕು, ಇನ್ನೊಮ್ಮೆ ಯಾರೂ ತನ್ನತ್ತ ಹಾಗೆ ನೋಡಬಾರದು ಎಂಬುದು ಅವರ ಹಟ.

ಈ ಚರ್ಚಿನಲ್ಲಿ ಗೋದಲಿಯ ಹುಲ್ಲಿಗೆ ಒಂದು ಪದ್ಧತಿಯಿದೆ. ಆಗಮನ ಕಾಲ ಶುರುವಾದಾಗ ತೊಟ್ಟಿಲು ಬರಿದಾಗಿರುತ್ತದೆ, ಪಕ್ಕದಲ್ಲಿ ಒಂದು ಚೀಲ ಹುಲ್ಲು ಇಟ್ಟಿರುತ್ತಾರೆ. ಯಾರಿಗೂ ಹೇಳದೆ ಒಂದು ಒಳ್ಳೆಯ ಕೆಲಸ ಮಾಡಿದವರು ಬಂದು ಒಂದು ಕಡ್ಡಿ ತೊಟ್ಟಿಲಿಗೆ ಹಾಕಬೇಕು. ಒಂದು ಕೆಲಸಕ್ಕೆ ಒಂದೇ ಕಡ್ಡಿ. ಹೀಗೆ ಸೇರಿದ ಹುಲ್ಲಿನ ಮೇಲೆಯೇ ಇಪ್ಪತ್ನಾಲ್ಕರ ರಾತ್ರಿ ಬಾಲಯೇಸುವನ್ನು ಮಲಗಿಸುತ್ತಾರೆ. ಊರಿನವರು ಒಳ್ಳೆಯದು ಮಾಡದಿದ್ದರೆ ಮಗು ಬರೀ ಹಲಗೆಯ ಮೇಲೆ ಮಲಗಬೇಕಾಗುತ್ತದೆ.

ಹುಲ್ಲು ಚೌರಪ್ಪನದೇ ಜವಾಬ್ದಾರಿ. ಮಡಿವಾಳ ಮಾರುಕಟ್ಟೆಯಲ್ಲಿ ಹಣ್ಣಿನ ಪೆಟ್ಟಿಗೆಗಳಿಗೆ ತುಂಬಿ ಬಿಸಾಡಿದ ಭತ್ತದ ಹುಲ್ಲನ್ನು ಆರಿಸಿ ತಂದು, ತೊಳೆದು, ತಾರಸಿಯ ಮೇಲೆ ಎರಡು ದಿನ ಒಣಗಿಸಿ, ಒಂದೊಂದನ್ನೂ ಗೇಣುದ್ದಕ್ಕೆ ಕತ್ತರಿಸುತ್ತಾರೆ. ಗಂಟಿರುವುದನ್ನು, ಮೊನಚಿರುವುದನ್ನು ಎತ್ತಿಡುತ್ತಾರೆ. “ಮಗೂಗೆ ಚುಚ್ಚಬಾರ್ದು ನೋಡಿ” ಎನ್ನುವಾಗ ಅದು ಗಾರೆಯ ಬೊಂಬೆ ಎಂಬುದು ಅವರಿಗೆ ನೆನಪಿದ್ದ ಹಾಗೆ ಕಾಣುವುದಿಲ್ಲ. ಇಷ್ಟೆಲ್ಲ ಮಾಡುವವರು ಇಪ್ಪತ್ತೇಳು ವರ್ಷದಲ್ಲಿ ತಾವಾಗಿ ಒಂದು ಕಡ್ಡಿಯನ್ನೂ ತೊಟ್ಟಿಲಿಗೆ ಹಾಕಿಲ್ಲ. ತಾನು ಮಾಡಿದ್ದು ನಿಜಕ್ಕೂ ಒಳ್ಳೆಯದೇ ಎಂದು ಅವರಿಗೆ ಯಾವತ್ತೂ ಖಾತ್ರಿಯಾಗಿಲ್ಲ. ಅನುಮಾನದಲ್ಲಿ ಅವರು ತಮಗೂ ರಿಯಾಯಿತಿ ಕೊಟ್ಟವರಲ್ಲ.

ಈ ವರ್ಷ ಎರಡನೇ ವಾರಕ್ಕೆ ಎಣಿಕೆ ದಾರಿ ತಪ್ಪಿತು. ವಾರದ ದಿನಗಳ ಬೆಳಗಿನ ಪೂಜೆಗೆ ಬರುವವರು ಇಪ್ಪತ್ತು ಜನ, ಅವರಲ್ಲಿ ಬಗ್ಗಿ ಕಡ್ಡಿ ಹಾಕಬಲ್ಲವರು ಅರ್ಧ. ಆದರೆ ರಾತ್ರಿ ಬಾಗಿಲು ಹಾಕುವಾಗ ಇನ್ನೂರ ಆರಿದ್ದದ್ದು ಮರುದಿನ ಪೂಜೆ ಶುರುವಾಗುವ ಮೊದಲೇ ಇನ್ನೂರ ಹದಿನೇಳು. ಮಾರನೆಯ ದಿನ ಹನ್ನೆರಡು ಜಾಸ್ತಿ. ಬೇರೆಯವರಾಗಿದ್ದರೆ ಹುಲ್ಲು ಹೆಚ್ಚಿತಲ್ಲ ಎಂದು ಖುಷಿಪಡುತ್ತಿದ್ದರು. ಚೌರಪ್ಪನ ನಿದ್ದೆ ಹಾರಿತು. ಯಾರೋ ಮಾಡದ ಪುಣ್ಯವನ್ನು ಹಿಡಿ ಹಿಡಿಯಾಗಿ ತೊಟ್ಟಿಲಿಗೆ ಸುರಿಯುತ್ತಿದ್ದಾರೆ, ಸುಳ್ಳು ಹುಲ್ಲಿನ ಮೇಲೆ ಮಗುವನ್ನು ಮಲಗಿಸುವುದು ಹೇಗೆ?

ಮೊದಲು ಗಾಯನ ಮಂಡಳಿಯ ಸುನಿತಾ ಮೇಲೆ ಕಣ್ಣಿಟ್ಟರು. ಎಲ್ಲದರಲ್ಲೂ ಮುಂದಿರಬೇಕೆನ್ನುವ ಹೆಂಗಸು. ಆದರೆ ಆಕೆ ಬೆಳಗಿನ ಆರಕ್ಕೆ ಮುಂಚೆ ಎದ್ದ ಚರಿತ್ರೆಯೇ ಇಲ್ಲ. ಚೀಲದ ಬಾಯಿಗೆ ಗಾರೆಯವರ ಗಂಟು ಹಾಕಿ ಮೇಲೆ ಮೇಣ ತೊಟ್ಟಿಕ್ಕಿಸಿದರು, ಬೆಳಿಗ್ಗೆ ಮೇಣ ಒಡೆದಿತ್ತು. ಹುಲ್ಲಿನಡಿ ಏನಾದರೂ ಬಚ್ಚಿಟ್ಟಿದ್ದಾರೋ ಎಂದು ಅಷ್ಟನ್ನೂ ಹರವಿ ಜರಡಿ ಹಿಡಿದರು. ಧೂಳು ಬಿಟ್ಟು ಮತ್ತೇನೂ ಸಿಗಲಿಲ್ಲ.

ಕೊನೆಗೆ ಹದಿನೆಂಟನೇ ತಾರೀಕು ಬಾಗಿಲು ತೆಗೆದಿಟ್ಟು, ದಿನದಂತೆ ಪೂಜೆಗೆ ಅಣಿ ಮಾಡಲು ಒಳಕೋಣೆಗೆ ಹೋಗುವ ಬದಲು, ಪಾಪನಿವೇದನೆಯ ಗೂಡಿನಲ್ಲಿ ಗುರುಗಳು ಕೂರುವ ಕಡೆಯೇ ಅಡಗಿ ಕೂತರು. ಐದೂ ಕಾಲಿಗೆ ನಾಗಲಕ್ಷ್ಮಮ್ಮ ಬರಿಗಾಲಲ್ಲಿ ಒಳಗೆ ಬಂದರು. ಹನ್ನೊಂದು ವರ್ಷದಿಂದ ಗೇಟಿನಲ್ಲಿ ಹೂ ಮಾರುವ, ಹಣೆಗೆ ದೊಡ್ಡ ಕುಂಕುಮವಿಡುವ ಹೆಂಗಸು. ಮೊದಲು ಆಂಜನೇಯನ ಗುಡಿಗೆ ಹೂ ಕೊಟ್ಟು ಆಮೇಲೆ ಇಲ್ಲಿಗೆ ಬರುವುದು ರೂಢಿ. ಧನುರ್ಮಾಸದಲ್ಲಿ ಆ ಗುಡಿಯ ಹುಗ್ಗಿಯನ್ನು ದೊನ್ನೆಯಲ್ಲಿ ತಂದು ಚೌರಪ್ಪನಿಗೆಂದು ಚರ್ಚಿನ ಮೆಟ್ಟಿಲ ಮೇಲಿಡುವುದೂ ರೂಢಿ. ಆಕೆ ಪೀಠದ ಕೆಳಗೆ ಸೇವಂತಿಗೆ ಇಟ್ಟರು, ಗೋದಲಿಯ ಬಳಿ ಬಂದು ಒಂದು ಹಿಡಿ ಹುಲ್ಲು ತೆಗೆದರು, ಏನೋ ಮಣಮಣ ಅನ್ನುತ್ತ ಒಂದೊಂದೇ ಕಡ್ಡಿ ಬಿಡತೊಡಗಿದರು.

ಮಂತ್ರ ಹಾಕುತ್ತಿದ್ದಾಳೆ ಎಂದುಕೊಂಡರು ಚೌರಪ್ಪ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಆಕೆಯನ್ನು ಕೇಳದೆ ನೇರ ಚರ್ಚಿನ ಪಾಲನಾ ಸಮಿತಿಯವರಿಗೆ ಹೇಳಿದರು. ಸಮಿತಿಯವರು ಗೇಟಿಗೆ ಬಂದು, ಇನ್ನು ಮೇಲೆ ಚರ್ಚಿನೊಳಗೆ ಕಾಲಿಡಬೇಡಿ ಎಂದು ನಾಲ್ಕು ಜನರೆದುರೇ ಅಂದರು. ನಾಗಲಕ್ಷ್ಮಮ್ಮ ಹೂವನ್ನೆಲ್ಲ ಬುಟ್ಟಿಗೆ ತುಂಬಿದರು. ಮಣೆ ಬೋರಲು ಹಾಕಿದರು, ಬುಟ್ಟಿ ಹೊತ್ತು ಹೋದರು. ಹೋಗುವಾಗ ಚೌರಪ್ಪನ ಕಡೆ ಒಂದೇ ಸಲ ನೋಡಿದರು.

“ಆ ನೋಟ ನಂಗೆ ಗೊತ್ತು ಸಾರ್. ದೀಪಸ್ತಂಭ ಕಳೆದಾಗ ನಾನೂ ಹಂಗೇ ನೋಡಿದ್ದೆ.”

ಮರುದಿನದಿಂದ ಹುಲ್ಲಿನ ಲೆಕ್ಕ ಸರಿಹೋಯಿತು. ದಿನಕ್ಕೆ ನಾಲ್ಕು, ಐದು, ಒಂದು ದಿನ ಎರಡು. ಲೆಕ್ಕ ಸರಿಯಾದಷ್ಟೂ ಚೌರಪ್ಪನಿಗೆ ಸಂಕಟ ಹೆಚ್ಚಿತು. ಗುರುಗಳ ಬಳಿ ಹೋಗಿ ಹೇಳಿಕೊಂಡರು. ಊರಿನಿಂದ ಹಿಂದಿನ ದಿನವಷ್ಟೇ ಬಂದಿದ್ದ ಗುರುಗಳಿಗೆ ಇದೊಂದೂ ತಿಳಿದಿರಲಿಲ್ಲ. ಎಲ್ಲ ಕೇಳಿಸಿಕೊಂಡು ಎರಡೇ ಪ್ರಶ್ನೆ ಕೇಳಿದರಂತೆ: “ಆಗಮನ ಕಾಲದಲ್ಲಿ ಕಳ್ಳನ ಹಾಗೆ ಬರೋನು ಯಾರು ಚೌರಪ್ಪ? ನೀವು ಎಚ್ಚರವಾಗಿರೋದು ಹಿಡಿಯೋಕೋ, ಒಳಗೆ ಕರೆಯೋಕೋ?” ಆಮೇಲೆ ಸಮಿತಿಯ ಮಾತು ರದ್ದಾಯಿತೆಂದು ತಿಳಿಸಲು ಇವರನ್ನೇ ಕಳಿಸಿದರು.

ನಿನ್ನೆ ಸಂಜೆ ಚೌರಪ್ಪ ಆಕೆಯ ಮನೆ ಹುಡುಕಿಕೊಂಡು ಹೋದರು. ಒಂದು ಕೋಣೆಯ ಮನೆ, ಬಾಗಿಲಲ್ಲೇ ಹೂ ಕಟ್ಟುತ್ತ ಕೂತಿದ್ದರು. ಗುರುಗಳ ಮಾತು ತಿಳಿಸಿ, ಆಮೇಲೆ ಹುಲ್ಲನ್ನು ಹಿಡಿಗಟ್ಟಲೆ ಯಾಕೆ ಹಾಕಿದಿರಿ ಎಂದು ಕೇಳಿದರು. ಅಷ್ಟು ಹೊತ್ತಿಗೂ ಒಂದು ಎಳೆ ಅನುಮಾನ ಉಳಿದಿತ್ತು ಎಂದು ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ. ನಾಗಲಕ್ಷ್ಮಮ್ಮ ದಾರ ಬಿಡದೆ ಉತ್ತರಿಸಿದರು.

“ಒಳ್ಳೇ ಕೆಲಸಕ್ಕೆ ಒಂದು ಕಡ್ಡಿ ಅಂದ್ರು. ನಾನ್ ಮಾಡಿದ್ದಕ್ಕೆ ನಾನೇ ಹಾಕೋದಾ? ಯಾರಾದ್ರೂ ತಮ್ಮ ಕೊರಳಿಗೆ ತಾವೇ ಹಾರ ಹಾಕ್ಕೊಳ್ತಾರಾ? ನಂಗೆ ಯಾರ್ಯಾರು ಒಳ್ಳೇದು ಮಾಡಿದ್ರೋ ಅವರ ಹೆಸರು ಹೇಳಿ ಒಂದೊಂದು ಹಾಕ್ದೆ.”

ಮಣಮಣ ಎಂದದ್ದು ಆ ಹೆಸರುಗಳು. ಬುಟ್ಟಿ ನೋಡಿ ಬಸ್ಸು ನಿಲ್ಲಿಸಿದ ಕಂಡಕ್ಟರ್, ಜ್ವರದ ಮಾತ್ರೆ ಕೊಟ್ಟ ಪಿ.ಜಿ.ಯ ಹುಡುಗಿ ಮೈತ್ರಿ, ಮಳೆಯಲ್ಲಿ ಛತ್ರಿ ಹಿಡಿದ ಆಟೋದವನು. ಹೆಸರು ಗೊತ್ತಿಲ್ಲದವರಿಗೆ ಅಂಗಿಯ ಬಣ್ಣ ಹೇಳಿ ಹಾಕುತ್ತಿದ್ದರು. ಅಷ್ಟು ಹೇಳಿ ಆಕೆ ತಲೆಯೆತ್ತಿದರು: “ದಿನಾ ಒಂದು ನಿಮ್ಮ ಹೆಸರಲ್ಲೂ. ಬೆಳಿಗ್ಗೆ ತಲೆ ಮೇಲಿನ ಬುಟ್ಟಿ ಇಳಿಸಿಕೊಡ್ತೀರಲ್ಲ.”

ಚೌರಪ್ಪನಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಬಂದುಬಿಟ್ಟರು. ಬರ್ತೀರಾ ಎಂದು ಕೇಳಲೂ ಇಲ್ಲ, ಬರುತ್ತೇನೆ ಎಂದು ಆಕೆ ಹೇಳಲೂ ಇಲ್ಲ. “ಬುಟ್ಟಿ ಯಾಕೆ ಇಳಿಸ್ತಿದ್ದೆ ಗೊತ್ತಾ ಸಾರ್? ಒಳಗೇನಿದೆ ಅಂತ ನೋಡೋಕೆ. ಹನ್ನೊಂದು ವರ್ಷದಿಂದ ಚೆಕ್ ಮಾಡ್ತಿದ್ದೆ. ಆಯಮ್ಮ ಅದಕ್ಕೂ ಹುಲ್ಲು ಹಾಕಿದ್ದಾಳೆ.”

ಈಗ ಐದೂ ಹತ್ತು. ಎಣಿಕೆ ಮುಗಿದಿದೆ, ನಾನೂರ ಮೂವತ್ತೊಂದು. ಇಂದು ರಾತ್ರಿ ಮಗು ಮಲಗಬೇಕು. ಚೌರಪ್ಪ ಗೇಟಿಗೆ ಹೋಗಿ, ಬೋರಲು ಬಿದ್ದ ಮಣೆಯನ್ನು ಎತ್ತಿ ಒರೆಸಿ ನೆಟ್ಟಗೆ ಇಡುತ್ತಾರೆ, ಅಲ್ಲೇ ನಿಲ್ಲುತ್ತಾರೆ. ಹಾಲಿನ ವ್ಯಾನ್ ಹೋಗುತ್ತದೆ, ನಾಯಿಯೊಂದು ಬಂದು ಮೂಸಿ ಹೋಗುತ್ತದೆ. ಐದೂ ಇಪ್ಪತ್ತಾಗುತ್ತದೆ. ಬರೋದಿಲ್ಲ ಬಿಡಿ ಎಂದು ಅವರು ತಿರುಗುವಷ್ಟರಲ್ಲಿ ಬೀದಿ ತಿರುವಿನಲ್ಲಿ ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ದೊನ್ನೆ ಕಾಣುತ್ತದೆ.

ನಾಗಲಕ್ಷ್ಮಮ್ಮ ಎಂದಿನಂತೆ ಬಂದು ಎಂದಿನಂತೆ ನಿಲ್ಲುತ್ತಾರೆ. ಚೌರಪ್ಪ ಎರಡೂ ಕೈಯೆತ್ತಿ ಬುಟ್ಟಿ ಇಳಿಸುತ್ತಾರೆ. ಈ ಸಲ ಒಳಗೆ ನೋಡುವುದಿಲ್ಲ. ನೆಲ ನೋಡುತ್ತ, ಇಷ್ಟು ವರ್ಷ ಬುಟ್ಟಿ ಇಳಿಸಿದ್ದು ಯಾತಕ್ಕೆಂದು ಒಪ್ಪಿಸಿಬಿಡುತ್ತಾರೆ.

“ಗೊತ್ತಿತ್ತು” ಎನ್ನುತ್ತಾರೆ ನಾಗಲಕ್ಷ್ಮಮ್ಮ, ಸೆರಗಿನಿಂದ ಕತ್ತು ಒರೆಸಿಕೊಂಡು. “ನೋಡೋಕೇ ಇಳಿಸಿದ್ರೂ ಭಾರ ಇಳೀತಲ್ಲ.” ದೊನ್ನೆಯನ್ನು ಮೆಟ್ಟಿಲ ಮೇಲಿಟ್ಟು, ಹುಗ್ಗಿ ಆರಿದರೆ ರುಚಿಯಿರುವುದಿಲ್ಲ ಎಂದು ಗದರಿ, ಸೇವಂತಿಗೆ ಹಿಡಿದು ಚರ್ಚಿನೊಳಗೆ ನಡೆಯುತ್ತಾರೆ.

ಮುಂದಿನ ವರ್ಷದ ಆಸೆ ಏನು ಎಂದು ಕೇಳಿದರೆ ಚೌರಪ್ಪ ಬೀಗದ ಕೈ ಗೊಂಚಲನ್ನು ತಿರುಗಿಸುತ್ತಾರೆ. ಹುಲ್ಲು ಎಣಿಸದೆ ಇರಬೇಕು ಎಂಬ ಆಸೆಯಿದೆ, ಆಗುತ್ತದೋ ಇಲ್ಲವೋ ಡೌಟು. ಗಂಟೆ ಹೊಡೆಯಲು ಇನ್ನೂ ಮೂರು ನಿಮಿಷ ಇದೆ. ಕುಂಟುತ್ತ ಗೋದಲಿಗೆ ಹೋಗಿ, ಚೀಲದಲ್ಲಿ ತಡಕಾಡಿ, ಗಂಟಿಲ್ಲದ ಮೆತ್ತನೆಯ ಕಡ್ಡಿಯೊಂದನ್ನು ಆರಿಸಿ ತೊಟ್ಟಿಲಲ್ಲಿ, ಮಗುವಿನ ತಲೆ ಬರುವ ಜಾಗದಲ್ಲಿ ಇಡುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ ಮೊದಲನೆಯದು. ಕೊನೆಗೂ ನಿಮ್ಮದೂ ಒಂದು ಬಿತ್ತಲ್ಲ ಎಂದರೆ ಅಲ್ಲವೆಂದು ತಲೆಯಾಡಿಸುತ್ತಾರೆ.

“ನಂದಲ್ಲ ಸಾರ್. ಆಯಮ್ಮಂದು.”