ಅರಗು ಬಳಿದ ಕೀಲಿಕೈ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕೀಲಿಕೈಗಳಿಗೆ ಬಣ್ಣ ಬಳಿಸಿದವನು ನಾನೇ. ಬೇರೆಯವರ ಮೇಲೆ ಹೊರಿಸೋಣವೆಂದರೆ, ಎಲ್ಲರ ದನಿಯನ್ನೂ ನಾನು ಅಣಕಿಸಿ ಅಣಕಿಸಿ, ಈಗ ನನ್ನ ಪರ ಸಾಕ್ಷಿ ಹೇಳುವವರು ರಾಮನಗರದಲ್ಲಿ ಒಬ್ಬರೂ ಉಳಿದಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ದಲ್ಲಾಳಿಯ ಮೂಗುದನಿ, ಸಾತನೂರು ಬಸ್ಸಿನ ಕಂಡಕ್ಟರು ಸೀಟಿ ಊದುವ ಮುಂಚೆ ಕೆಮ್ಮುವ ಕೆಮ್ಮು, ಎಲ್ಲ ನನ್ನ ಗಂಟಲಲ್ಲಿವೆ. ನನ್ನ ಸ್ವಂತ ದನಿ ಯಾವುದೆಂದು ಹೆತ್ತ ತಾಯಿಗೇ ಅನುಮಾನ.

ಹೊಟ್ಟೆಪಾಡಿಗೆ ನಾನು ಮುಬೀನಕ್ಕನ ರೇಷ್ಮೆ ಬಿಚ್ಚಣಿಕೆ ಘಟಕದಲ್ಲಿ ಉಗ್ರಾಣ ನೋಡಿಕೊಳ್ಳುತ್ತೇನೆ. ಅಲ್ಲಿಯ ಬೀಗಗಳು ಸಾಮಾನ್ಯದವಲ್ಲ. ಯಾವುದೋ ಮುಚ್ಚಿದ ಕಾರ್ಖಾನೆಯ ಬಾಗಿಲುಗಳ ಜೊತೆ ಗುಜರಿಗೆ ಬಂದಿದ್ದವನ್ನು ಅಕ್ಕ ಕೊಂಡು ತಂದದ್ದು. ಅವುಗಳ ಕರುಳನ್ನೇ, ಅಂದರೆ ಒಳಗಿನ ಸಿಲಿಂಡರನ್ನೇ, ಹೊರಗೆ ತೆಗೆಯಬಹುದು. ಒಂದರ ಮೇಲೊಂದು ಕೂತ ಎರಡು ಪುಟಾಣಿ ರಾಗಿಮುದ್ದೆಯ ಆಕಾರ ಅದಕ್ಕೆ. ಅದನ್ನು ಎಳೆದು ತೆಗೆಯಲು ಪ್ರತ್ಯೇಕವಾಗಿ ಒಂದು ಯಜಮಾನ ಕೀಲಿಕೈ. ಕೆಲಸ ಬಿಟ್ಟವನು ಕೀಲಿಕೈಯನ್ನು ಜೇಬಲ್ಲೇ ಒಯ್ದನೇ? ಒಯ್ಯಲಿ ಬಿಡಿ. ಹಳೆಯ ಸಿಲಿಂಡರ್ ತೆಗೆದು ಹೊಸದನ್ನು ತಳ್ಳಿದರಾಯಿತು. ಬಾಗಿಲು ಅದೇ, ಚಿಲಕ ಅದೇ, ಕೀಲಿಕೈ ಮಾತ್ರ ಬೇರೆ.

ಈ ಬುದ್ಧಿ ಹೊಳೆದದ್ದು ಅಮೆರಿಕದಲ್ಲಿ ಶಾಲಾ ಕಟ್ಟಡಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬನಿಗಂತೆ. ಮಕ್ಕಳು, ಮೇಷ್ಟರು ಸೇರಿ ಕೀಲಿಕೈ ಕಳೆಯುವುದನ್ನು ನೋಡಿ ನೋಡಿ ರೋಸಿಹೋಗಿರಬೇಕು, ಪಾಪ. ಆಮೇಲೆ ಅವನೇ ಕಂಪನಿ ಕಟ್ಟಿದ. ನನಗೆ ಇನ್ನೂ ಹಿಡಿಸಿದ್ದು ಮುಂದಿನ ಕಥೆ: ಅವನ ಪೇಟೆಂಟ್ ಹಕ್ಕಿನ ಅವಧಿ ಮುಗಿದ ಮೇಲೆ ಬೇರೆ ತಯಾರಕರೂ ಅದೇ ಅಳತೆಗೆ ಮಾಡತೊಡಗಿದರು. ಇವರ ಕರುಳು ಅವರ ಹೊಟ್ಟೆಯಲ್ಲಿ ಕೂರುತ್ತದೆ! ನಮ್ಮಲ್ಲಿ ಅಣ್ಣನ ಮನೆಯ ಪಾತ್ರೆಗೆ ತಮ್ಮನ ಮನೆಯ ಮುಚ್ಚಳ ಹೊಂದಿದರೂ ಹೊಂದಿತೆಂದು ಯಾರೂ ಒಪ್ಪುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಗೂಟಗಳು ಮೇಲಿಂದ ಬಿದ್ದು ಅಗುಳಿಯನ್ನು ಕಚ್ಚುವ ಈ ಬೀಗದ ಮುತ್ತಜ್ಜ ಈಜಿಪ್ಟಿನ ಮರದ ಬೀಗ. ಮರ ಅಂದ ಕೂಡಲೇ ನನಗೆ ಚನ್ನಪಟ್ಟಣ ನೆನಪಾಯಿತು. ಕೇಡು ಶುರುವಾದದ್ದೇ ಅಲ್ಲಿ.

ಗೊಂಚಲಿನ ಕೀಲಿಕೈಗಳೆಲ್ಲ ಅವಳಿಜವಳಿಗಳು. ಗುರುತಿಗೆ ಬಣ್ಣ ಹಾಕಿಸೋಣವೆಂದು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಗೆಳೆಯ ಕೆಂಪರಾಜನ ಹತ್ತಿರ ಒಯ್ದೆ. ಅವನು ಬಣ್ಣದ ಅರಗು ಕಾಯಿಸುತ್ತಾ, "ತಲೆಗಷ್ಟೇ ಸಾಕು ಕಣ್ಲಾ," ಅಂದ.

"ಅರ್ಧ ಬಣ್ಣದ ಬೊಂಬೆನ ಯಾರ್ಲಾ ತಗತ್ತಾರೆ? ಕಾಲ್ಗಂಟ ಬಳಿ!" ಅಂದೆ, ಅವರಪ್ಪನ ದನಿಯಲ್ಲೇ. ಅಪ್ಪನ ದನಿ ಕೇಳಿದರೆ ಅವನ ಕೈ ತಾನಾಗಿ ಓಡುತ್ತದೆ. ಹಲ್ಲುಗಳಿಗೂ ಬಳಿದ. ನಕಲು ಕೀಲಿಕೈಗಳಿಗೂ, ಯಜಮಾನ ಕೀಲಿಕೈಗೂ.

ಮಾರನೆಯ ಬೆಳಿಗ್ಗೆ ಗೂಡಿನ ಕೋಣೆಯ ಬೀಗಕ್ಕೆ ಹಸಿರು ಕೀಲಿಕೈ ತುರುಕಿದೆ. ಅರಗಿನ ದಪ್ಪಕ್ಕೆ ಒಳಗಿನ ಗೂಟಗಳು ಅಳತೆ ಮೀರಿ ಎದ್ದವು, ತಿರುಗಲಿಲ್ಲ. ಬಲವಂತ ಮಾಡಿ ಕಿತ್ತರೆ ಅರಗಿನ ಚಕ್ಕೆ ಒಳಗೇ ಉಳಿಯಿತು.

ಕೋಣೆಯಲ್ಲಿದ್ದದ್ದು ಹಸಿ ಗೂಡು, ಅವತ್ತೇ ಬೇಯಬೇಕಾದದ್ದು. ಗೂಡಿನೊಳಗಿನ ಹುಳು ನಮ್ಮ ರಿಪೇರಿ ಮುಗಿಯಲೆಂದು ಕಾಯುವುದಿಲ್ಲ. ಚಿಟ್ಟೆಯಾಗಿ ತೂತು ಕೊರೆದು ಬಂತೆಂದರೆ ಆ ಗೂಡಿನಿಂದ ನೂಲಿನ ಎಳೆ ಬರುವುದಿಲ್ಲ. ಹೊಂಗನೂರಿನಿಂದ ಆರಿಸಿ ತಂದ ಮಾಲು ಎಲ್ಲ ಬರೀ ಹತ್ತಿಯಾದಂತೆಯೇ. ಒಲೆ ಉರಿಯುತ್ತಿತ್ತು, ಬಾಣಲೆಯ ನೀರು ಮರಳುತ್ತಿತ್ತು, ನೂಲು ಬಿಚ್ಚುವ ಹೆಂಗಸರು ಕೈಕಟ್ಟಿ ನನ್ನನ್ನೇ ನೋಡುತ್ತಿದ್ದರು.

ಮುಬೀನಕ್ಕ ಬಂದದ್ದು ಕಂಡು, ಬೈಗುಳ ಅವರ ಬಾಯಿಂದ ಬರುವ ಮುಂಚೆ ನನ್ನ ಬಾಯಿಂದ ಬಂದರೆ ಪೆಟ್ಟು ಕಡಿಮೆಯಾದೀತೆಂದು, ಸೊಂಟಕ್ಕೆ ಕೈ ಕೊಟ್ಟು ಅವರದೇ ದನಿಯಲ್ಲಿ ಶುರುಮಾಡಿದೆ: "ಅರೆ, ನಿಂಗೇನ್ ತಲೆ ಐತೋ, ಬರೀ ಬುರುಡೆ ಐತೋ?"

ಹೆಂಗಸರು ನಕ್ಕರು. ಅಕ್ಕ ನಗಲಿಲ್ಲ. "ಕೊಡಿಲ್ಲಿ," ಎಂದು ಗೊಂಚಲು ಕಸಿದುಕೊಂಡರು. ಯಜಮಾನ ಕೀಲಿಕೈಯನ್ನು ಬಾಣಲೆಯ ಕುದಿನೀರಿಗೆ ಇಳಿಬಿಟ್ಟರು. ಅರಗು ಮೆತ್ತಗಾಯಿತು; ಗೋಣಿಚೀಲದಿಂದ ಉಜ್ಜಿದರೆ ಹಿತ್ತಾಳೆ ಹೊಳೆಯಿತು. ಮತ್ತೆ ಅದ್ದಿ, ಸುಡುಸುಡುವಾಗಿಯೇ ಸೆರಗಿನಲ್ಲಿ ಹಿಡಿದು ಬೀಗಕ್ಕೆ ತೂರಿಸಿದರು. ಬೀಗದೊಳಗಿನ ಚಕ್ಕೆಗೂ ಶಾಖ ತಾಗಲೆಂದು ಒಸಿ ಹೊತ್ತು ಹಾಗೇ ಬಿಟ್ಟರು. ಹೊರತೆಗೆದಾಗ ಬಣ್ಣ ಅಂಟಿಕೊಂಡು ಬಂತು. ಅದ್ದಿದರು, ಉಜ್ಜಿದರು, ತೂರಿಸಿದರು. ಆ ಹೊತ್ತು ಯಾರ ದನಿಯೂ ನನ್ನ ಗಂಟಲಲ್ಲಿ ಇರಲಿಲ್ಲ. ಕೊನೆಗೊಮ್ಮೆ ಕೀಲಿಕೈ ಹಿಡಿದ ಅಕ್ಕನ ಮಣಿಕಟ್ಟು ತುಸು ತಿರುಗಿತು. ಎರಡು ಮುದ್ದೆಯ ಆ ಪುಟ್ಟ ಕರುಳು, ಹಸಿರು ಮೆತ್ತಿಕೊಂಡು, ಥೇಟ್ ಹಲ್ಲು ಕಿತ್ತ ಹಾಗೆ ಹೊರಗೆ ಬಂತು. ಹೆಚ್ಚಿಗೆ ಇಟ್ಟಿದ್ದ ಬಿಡಿ ಸಿಲಿಂಡರ್ ಒಳಗೆ ಕೂತಿತು, ಅದರ ಜೊತೆಗಿದ್ದ, ನನ್ನ ಕಣ್ಣಿಗೆ ಬೀಳದೆ ಬದುಕಿಕೊಂಡಿದ್ದ ಕೀಲಿಕೈ ತಿರುಗಿತು, ಬಾಗಿಲು ತೆರೆಯಿತು. ಒಂದು ಗೂಡೂ ತೂತಾಗಿರಲಿಲ್ಲ.

ಕಡಲಾಚೆಯ ಆ ಶಾಲೆಯವನಿಗೆ ಮನಸ್ಸಿನಲ್ಲೇ ಕೈಮುಗಿದೆ. ತಪ್ಪು ಆಗಿಯೇ ಆಗುತ್ತದೆಂದು ಮೊದಲೇ ತಿಳಿದು, ಬಾಗಿಲು ಒಡೆಯದೆ ತಿದ್ದಿಕೊಳ್ಳಲು ದಾರಿ ಇಟ್ಟವನು ಅವನು. ಉಮ್ಮಳ ಬಂದು ನಾಟಕದ ಗತ್ತಿನಲ್ಲಿ ಅಂದೆ, "ಅಕ್ಕಾ, ಸಿಲಿಂಡರ್ ಬದಲಾಯಿಸಿದ ಹಂಗೆ ನನ್ನೂ ಬದಲಾಯಿಸ್ಬುಡಿ. ಬೇರೆಯವರನ್ನ ಇಟ್ಕೊಳ್ಳಿ."

ಅಕ್ಕ ಸುಟ್ಟ ಬೆರಳನ್ನು ಊದಿಕೊಳ್ಳುತ್ತಾ ಅಂದರು:

"ನನ್ ಬಾಯಿ ಕಲ್ತಿದ್ದು ಆಯ್ತಲ್ಲ, ಈಗ ಕೈನೂ ಕಲ್ತ್ಕೊ. ನಡಿ, ಗೂಡು ಎತ್ತು."